ಉಡಿಯೊಳಗಿನ ಹತ್ತಿ

ಕಳೆದ ವರ್ಷ ಕಾಲೇಜು ವಿದ್ಯಾರ್ಥಿಗಳ ಕಥಾ ಸ್ಪರ್ಧೆಯೊಂದಕ್ಕೆ ಬಂದ ಕಥೆಗಳನ್ನು ಓದಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬರೆದವರಲ್ಲಿ ಹೆಚ್ಚಿನವರು ಧಾರವಾಡ, ಗದಗ ಜಿಲ್ಲೆಗಳ ಹಳ್ಳಿಗಳ ಹುಡುಗ ಹುಡುಗಿಯರು. ಕಥೆಗಳಲ್ಲಿ ರೈತ ಇದ್ದ. ಇರಲೇಬೇಕಲ್ಲ. ಆದರೆ ಆ ರೈತನಿಗೆ ಎರಡೇ ಕೆಲಸ. ಒಂದೋ ಸಾಲ ತೀರಿಸಲಾಗದೆ ಹಗ್ಗ ಹುಡುಕುತ್ತಾನೆ, ಇಲ್ಲವೇ ಹಸಿರು ಶಾಲು ಹೊದ್ದು ತಹಶೀಲ್ದಾರರ ಕಚೇರಿಯ ಮುಂದೆ ಘೋಷಣೆ ಕೂಗುತ್ತಾನೆ. ಒಂದು ಕಥೆಯಲ್ಲೂ ಯಾರೂ ರೇಶನ್ ಅಕ್ಕಿ ಮಾರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಯಾರೂ ಎರಡು ಕಾರ್ಡು ಮಾಡಿಸಲಿಲ್ಲ. ಸಂಘದ ಕಂತಿನ ದಿನ ಯಾರೂ ಅಕ್ಕನ ಊರಿಗೆ ಹೋಗಿ ಕುಳಿತುಕೊಳ್ಳಲಿಲ್ಲ. ಕಥೆ ಬರೆದ ಹುಡುಗರ ಮನೆಗಳಲ್ಲಿ ಇವೆಲ್ಲ ನಡೆಯುತ್ತವೆ ಎಂಬುದು ನನಗೆ ಗೊತ್ತು, ಯಾಕೆಂದರೆ ನಮ್ಮ ಮನೆಯಲ್ಲೂ ನಡೆದಿವೆ.

ತಪ್ಪು ಹುಡುಗರದಲ್ಲ. ನಮ್ಮ ಭಾಗದಲ್ಲಿ ಬಂಡಾಯ ಎಂಬ ಶಬ್ದದ ತೂಕವೇ ಅಂಥದ್ದು. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬರದು ಬಂಡಾಯ. 1979ರಲ್ಲಿ ಸಂಘಟನೆ ಕಟ್ಟಿಕೊಂಡ ಸಾಹಿತಿಗಳದೂ ಬಂಡಾಯ. ಮರುವರ್ಷ ನರಗುಂದ, ನವಲಗುಂದಗಳ ರೈತರು ಎದ್ದದ್ದೂ ಬಂಡಾಯವೇ. ಒಂದು ಶಬ್ದ ಇಷ್ಟು ಸಲ ಕೈ ಬದಲಿಸಿದ ಮೇಲೆ ಅಚ್ಚಿನ ಹಾಗೆ ಆಗಿಬಿಡುತ್ತದೆ. ಅದರಲ್ಲಿ ಕೂಡುವಷ್ಟು ಸಂಗತಿ ಕಥೆಯಾಗುತ್ತದೆ, ಕೂಡದ್ದು ಮನೆಯಲ್ಲೇ ಉಳಿಯುತ್ತದೆ. ನಾನು ಇಲ್ಲಿ ನೋಡಬೇಕೆಂದಿರುವುದು ಹೀಗೆ ಮನೆಯಲ್ಲೇ ಉಳಿದದ್ದನ್ನು. ಸರಕಾರವೋ ಸಾಹುಕಾರನೋ ಕೈ ಬಿಗಿ ಹಿಡಿದಾಗ ಜನ ದಿನವೂ ಮಾಡುವ ಸಣ್ಣ ತಕರಾರುಗಳನ್ನು, ಕಳ್ಳಾಟಗಳನ್ನು, ಜಾಣತನಗಳನ್ನು. ಅವನ್ನು ಪ್ರತಿರೋಧ ಎನ್ನಬಹುದೇ? ಎಂದರೆ, ಯಾರ ವಿರುದ್ಧ?

ಮೊದಲು ಎಲ್ಲರಿಗೂ ಗೊತ್ತಿರುವ ಪ್ರತಿರೋಧದಿಂದಲೇ ಶುರು ಮಾಡುತ್ತೇನೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಕಟ್ಟಿದ ಮೇಲೆ ನವಲಗುಂದದ ಎರಿ ಭೂಮಿಗೆ ಕಾಲುವೆ ಬಂತು. ಧಾರವಾಡದಲ್ಲಿಯೇ ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ ಅದರ ಹಿಂದೆ ಬಂತು. ಹತ್ತಿ ಬೆಳೆಯಲು ಗೊಬ್ಬರ, ಔಷಧಿ, ಸಾಲ ಬಂದವು. ಕಡೆಗೆ ಹತ್ತಿಯ ದರ ಬಿತ್ತು. ಆಗಲೇ ಸರಕಾರ ಲೆಕ್ಕ ತೆಗೆಯಿತು. ನಾವು ಕಾಲುವೆಗೆ ದುಡ್ಡು ಹಾಕಿದ್ದರಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಏರಿದ್ದರಲ್ಲಿ ನಮ್ಮ ಪಾಲು ಕೊಡಿ. ಇದು ಬೆಟರ್‌ಮೆಂಟ್ ಲೆವಿ, ಅಭಿವೃದ್ಧಿ ಕರ. ಜೊತೆಗೆ ನೀರಿನ ಕರದ ಬಾಕಿ. ಕಾಲುವೆಯ ಬಾಲದಲ್ಲಿದ್ದು, ನೀರಿನ ಮುಖವನ್ನೇ ಸರಿಯಾಗಿ ಕಾಣದ ಹೊಲಗಳಿಗೂ ನೋಟೀಸು ಬಂದವು. 1980ರ ಜುಲೈ 21ರಂದು ಜನ ಎದ್ದರು. ನವಲಗುಂದದಲ್ಲಿ ಗೋಲಿಬಾರಾಗಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಸತ್ತರು. ಕಿಡಿ ರಾಜ್ಯಕ್ಕೆಲ್ಲ ಹಬ್ಬಿತು. ಗುಂಡೂರಾಯರ ಸರಕಾರ ರಿಯಾಯಿತಿ ಘೋಷಿಸಬೇಕಾಯಿತು, ರಾಜ್ಯ ರೈತ ಸಂಘ ಹುಟ್ಟಿತು, 1983ರಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಈಗಲೂ ಪ್ರತಿ ಜುಲೈ 21ಕ್ಕೆ ವೀರಗಲ್ಲುಗಳಿಗೆ ಮಾಲೆ ಬೀಳುತ್ತವೆ. ಮಾಲೆ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ. ಅದೊಂದು ಬೇರೆ ನಾಟಕ, ಬಿಡಿ.

ನಮ್ಮ ದೊಡ್ಡಪ್ಪ ಆ ದಿನ ನವಲಗುಂದದ ಜನಜಂಗುಳಿಯಲ್ಲಿದ್ದರು. ಓಡುವಾಗ ಬಿದ್ದು ಮೊಳಕಾಲಿಗೆ ಆದ ಗಾಯದ ಕಲೆಯನ್ನು ನಮಗೆಲ್ಲ ತೋರಿಸುತ್ತಿದ್ದರು. ಲೆವಿ ಕಟ್ಟಲಿಲ್ಲ, ಕಟ್ಟುವುದಿಲ್ಲ ಎಂದು ಹೇಳುವಾಗ ಅವರ ದನಿಯೇ ಬೇರೆ ಆಗುತ್ತಿತ್ತು. ಆ ದನಿ ಕೇಳುತ್ತಲೇ ನಾನು ಬೆಳೆದೆ.

ಅದರ ಮುಂದಿನ ಸುಗ್ಗಿಯ ಮಾತನ್ನು ದೊಡ್ಡಪ್ಪ ಎಂದೂ ಹೇಳಲಿಲ್ಲ. ಹೇಳಿದವರು ದೊಡ್ಡವ್ವ, ಅದೂ ಅವರು ಹೋದ ಮೇಲೆ. ಹತ್ತಿ ಬಿಡಿಸಲು ಬಂದ ಹೆಣ್ಣಾಳುಗಳು ಕೂಲಿ ಹೆಚ್ಚು ಕೇಳಿದರಂತೆ. ಎಲ್ಲದರ ದರ ಏರಿತ್ತು, ಕೇಳಿದ್ದು ತಪ್ಪೇನಲ್ಲ. ದೊಡ್ಡಪ್ಪ ಅಂದರಂತೆ: “ಸರಕಾರ ನಮ್ಮನ್ನ ಸುಲ್ಯಾಕ ಹತ್ತೈತಿ, ನಿಮಗ ಎಲ್ಲಿಂದ ತಂದು ಕೊಡ್ಲೆವಾ?” ಅವರು ಏನೂ ಅನ್ನಲಿಲ್ಲ. ಕೆಲಸ ಬಿಟ್ಟೂ ಹೋಗಲಿಲ್ಲ. ಸಂಜೆ ಮನೆಗೆ ಹೋಗುವಾಗ ಒಬ್ಬೊಬ್ಬರ ಉಡಿಯಲ್ಲಿಯೂ ಒಂದೊಂದು ಹಿಡಿ ಹತ್ತಿ ಹೋಯಿತು. ಮರುದಿನ ಎರಡು ಹಿಡಿ.

ದೊಡ್ಡವ್ವನಿಗೆ ಗೊತ್ತಿತ್ತು. ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಆಕೆಗೂ ಅದರ ಕಷ್ಟ ಗೊತ್ತು; ಗಂಡನ ಕಣ್ಣು ತಪ್ಪಿಸಿ ಪಡಸಾಲಿಯ ಚೀಲದಿಂದ ಎರಡು ಸೇರು ಜೋಳ ತೆಗೆದು ಅಂಗಡಿಗೆ ಹಾಕಿ, ಬಳೆಯದೋ ತವರಿಗೆ ಹೋಗುವ ಬಸ್ಸಿನದೋ ದುಡ್ಡು ಹೊಂದಿಸಿಕೊಳ್ಳುತ್ತಿದ್ದವಳು. ನಮ್ಮ ಕಡೆ ಇದನ್ನು ಮಾಡದ ಗೃಹಿಣಿ ಇಲ್ಲ. ಆದರೆ ಆಳುಗಳಲ್ಲಿ ದಲಿತ ಕೇರಿಯಿಂದ ಬರುತ್ತಿದ್ದ ಒಬ್ಬಾಕೆಯನ್ನು ಮಾತ್ರ ದಿನಾ ಸಂಜೆ ನಿಲ್ಲಿಸಿ ಉಡಿ ಝಾಡಿಸಿ ತೋರಿಸು ಅನ್ನುತ್ತಿದ್ದಳಂತೆ. “ಯಾಕ ದೊಡ್ಡವ್ವ, ಉಳಿದವ್ರನ್ನ ಬಿಟ್ಟು ಅಕಿನ್ನಷ್ಟ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಎಲ್ಲಾರ್ನೂ ಬಿಟ್ರ ನಿಮ್ಮ ದೊಡ್ಡಪ್ಪ ಕೇಳ್ತಿದ್ದಿಲ್ಲೇನ?” ಅಂದಳು.

ಉಡಿ ಎಂಬುದು ನಮ್ಮಲ್ಲಿ ಸಾಮಾನ್ಯ ಶಬ್ದವಲ್ಲ. ಮಗಳನ್ನು ಕಳಿಸುವಾಗ, ಬಸುರಿಗೆ, ದೇವಿಗೆ ಉಡಿ ತುಂಬುತ್ತೇವೆ. ಅದೇ ಉಡಿಯನ್ನು ಝಾಡಿಸಿ ತೋರಿಸು ಎನ್ನುವುದು ಎಂಥ ಮಾತು ಎಂಬುದು ದೊಡ್ಡವ್ವನಿಗೆ ಗೊತ್ತಿತ್ತು. ಅದಕ್ಕೇ ಅಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಈ ಹತ್ತಿ, ಈ ಜೋಳ ಹೋಗುತ್ತಿದ್ದದ್ದು ಎಲ್ಲಿಗೆ? ಊರಿನ ಒಂದೇ ಅಂಗಡಿಗೆ. ಹೆಣ್ಣಾಳುಗಳ ಉಡಿಯ ಹತ್ತಿಯನ್ನು ಅರ್ಧ ದರಕ್ಕೆ ತೆಗೆದುಕೊಳ್ಳುತ್ತಿದ್ದವನು ಆತ. ದೊಡ್ಡವ್ವನ ಜೋಳವನ್ನು ಸೇರಿಗೆ ಇಷ್ಟೆಂದು ಕಡಿಮೆ ಅಳೆಯುತ್ತಿದ್ದವನೂ ಆತ. ದೊಡ್ಡಪ್ಪನ ಅಂಡಿಗೆಗಳಿಗೆ ತೂಕದಲ್ಲಿ ಹೊಡೆತ ಹಾಕುತ್ತಿದ್ದವನೂ ಆತನೇ. ಮೂವರೂ ಮೂರು ರೀತಿಯಲ್ಲಿ ತಮ್ಮ ಮೇಲಿನವರಿಗೆ ತಿರುಗಿಬಿದ್ದಿದ್ದರು. ಮೂವರ ತಿರುಗಾಟವೂ ಕಡೆಗೆ ಮುಟ್ಟಿದ್ದು ಒಂದೇ ತಕ್ಕಡಿಯನ್ನು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ಮೇಲಿನಿಂದ ಬಂದ ಕಡಿತವನ್ನು ಜನ ಸುಮ್ಮನೆ ತಲೆಬಾಗಿ ಒಪ್ಪಿಕೊಳ್ಳುವುದಿಲ್ಲ, ನಿಜ. ಆದರೆ ಅದನ್ನು ಹೆಚ್ಚಾಗಿ ಕೆಳಕ್ಕೆ ದಾಟಿಸುತ್ತಾರೆ. ಅದು ಯಾರ ಹೆಗಲಿಗೆ ಹೋಗಿ ನಿಂತಿತು, ನಡುವೆ ಯಾರ ಗಲ್ಲೆಗೆ ಬಿತ್ತು ಎಂಬುದನ್ನು ಬೆನ್ನುಹತ್ತಿ ನೋಡದೆ ಪ್ರತಿರೋಧದ ಬಗ್ಗೆ ನಾವು ಆಡುವ ಮಾತು ಅರ್ಧವೇ ಆಗಿರುತ್ತದೆ.

ಇಂಥ ಹಿಡಿ ಹತ್ತಿಗೆ ವಿದ್ವತ್ತಿನ ಲೋಕದಲ್ಲಿ ಮರ್ಯಾದೆ ತಂದುಕೊಟ್ಟವರು ಅಮೆರಿಕದ ಜೇಮ್ಸ್ ಸ್ಕಾಟ್. ಇಲ್ಲಿ ಮಲಪ್ರಭೆಯ ರೈತರು ನೋಟೀಸು ಹಿಡಿದು ಕುದಿಯುತ್ತಿದ್ದ ಅದೇ 1978ರಿಂದ 1980ರ ನಡುವೆ ಅವರು ಮಲೇಷಿಯಾದ ಕೆಡಾ ಪ್ರಾಂತದ ಭತ್ತದ ಹಳ್ಳಿಯೊಂದರಲ್ಲಿದ್ದರು. ಸೆಡಕಾ ಎಂಬುದು ಆ ಹಳ್ಳಿಗೆ ಅವರಿಟ್ಟ ಹೆಸರು. ಅಲ್ಲಿಯೂ ಹೊಸ ನೀರಾವರಿ, ವರ್ಷಕ್ಕೆ ಎರಡು ಬೆಳೆ. ಹಿಂದೆಯೇ ಕಟಾವಿನ ಯಂತ್ರ ಬಂದು ಬಡವರ ಕೂಲಿ ಹೋಯಿತು. ಆ ಬಡವರು ದಂಗೆ ಏಳಲಿಲ್ಲ. ಕೆಲಸ ನಿಧಾನ ಮಾಡಿದರು, ಸುಳ್ಳು ನೆಪ ಹೇಳಿದರು, ರಾತ್ರಿ ಒಂದೊಂದು ಚೀಲ ಭತ್ತ ಎತ್ತಿದರು, ಬೆನ್ನ ಹಿಂದೆ ಧಣಿಗೆ ಅಡ್ಡಹೆಸರಿಟ್ಟರು. 1985ರಲ್ಲಿ ಬಂದ ‘ವೆಪನ್ಸ್ ಆಫ್ ದಿ ವೀಕ್’ ಎಂಬ ಪುಸ್ತಕದಲ್ಲಿ ಸ್ಕಾಟ್ ಇವನ್ನೆಲ್ಲ ದುರ್ಬಲರ ಆಯುಧಗಳು ಎಂದರು. ದಂಗೆ ಇತಿಹಾಸದಲ್ಲಿ ಅಪರೂಪ, ಇವು ದಿನದ ರೊಟ್ಟಿ ಎಂಬ ಅವರ ಮಾತು ನಮ್ಮ ಕಣ್ಣು ತೆರೆಸಿದ್ದು ಹೌದು. ನಾನು ಎಂ.ಎ. ಓದುವಾಗ ಆ ಪುಸ್ತಕ ಹಿಡಿದುಕೊಂಡು ಊರಲ್ಲಿ ಕಂಡದ್ದಕ್ಕೆಲ್ಲ ಪ್ರತಿರೋಧ ಎಂದು ಚೀಟಿ ಅಂಟಿಸುತ್ತ ತಿರುಗಿದ್ದೆ. ಕಾಲುವೆಗೆ ಕದ್ದು ಪಂಪು ಇಟ್ಟವನೂ ನನ್ನ ಕಣ್ಣಿಗೆ ವೀರನೇ. ಆತ ಇಟ್ಟ ಪಂಪಿನಿಂದ ಒಣಗುತ್ತಿದ್ದದ್ದು ನೀರಾವರಿ ಇಲಾಖೆ ಅಲ್ಲ, ಕಾಲುವೆಯ ಬಾಲದಲ್ಲಿರುವ ಇನ್ನೊಬ್ಬನ ಹೊಲ ಎಂಬುದು ಆಮೇಲೆ ಹೊಳೆಯಿತು.

ಸ್ಕಾಟರನ್ನು ಸರಿಯಾಗಿ ಓದಿದ್ದರೆ ಮೊದಲೇ ಹೊಳೆಯಬೇಕಿತ್ತು. ಯಂತ್ರ ಬಾಡಿಗೆಗೆ ತಂದವರ ಗದ್ದೆಯಲ್ಲಿ ನಾಟಿ ಮಾಡುವುದಿಲ್ಲ ಎಂದು ಸೆಡಕಾದ ಹೆಂಗಸರ ಗುಂಪುಗಳು ಹಟ ಹಿಡಿದಾಗ ಏನಾಯಿತು ಎಂಬುದನ್ನು ಅವರು ಬಿಡಿಸಿ ಬರೆದಿದ್ದಾರೆ. ನಾವು ಹೋಗದಿದ್ದರೆ ಬೇರೆ ಗುಂಪಿನವರು ಹೋಗಿಯಾರು ಎಂಬ ಭಯವೇ ಆ ಹಟವನ್ನು ಮುರಿಯಿತು. ಅವರ ಪುಸ್ತಕದಲ್ಲಿ ಈ ಬಿರುಕು ಇದೆ. ಅವರ ಹೆಸರು ಹೇಳಿ ಬರೆಯುವ ನಮ್ಮಂಥವರ ಬರಹದಲ್ಲಿ ಅದು ಕಾಣೆಯಾಗುತ್ತದೆ.

ಇವತ್ತಿನ ಅಕ್ಕಿಗೆ ಬರೋಣ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದಾಗ ಕೆ.ಜಿ.ಗೆ ಒಂದು ರೂಪಾಯಿ, ಆಮೇಲೆ ಪುಕ್ಕಟೆ. ಕಲಘಟಗಿ ಕಡೆಯವರು ಭತ್ತ ಬೆಳೆಯುವವರು, ಅನ್ನ ಉಣ್ಣುವವರು, ಅವರ ಮಾತು ಬೇರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಸೀಮೆ ಜೋಳದ ರೊಟ್ಟಿಯದು. “ಅನ್ನ ಉಂಡು ಹೊಲಕ್ಕ ಹೋದ್ರ ಹನ್ನೊಂದಕ್ಕ ಹೊಟ್ಟಿ ಅಳತೈತಿ” ಎಂಬುದು ನಮ್ಮಲ್ಲಿ ಎಲ್ಲ ಹೆಣ್ಣಾಳುಗಳ ಮಾತು. ಹಾಗಾಗಿ ರೇಶನ್ ಕೊಡುವ ವಾರ ಊರಿಗೆ ಟಂಟಂ ಬರುತ್ತದೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಂಗಡಿ ದರದ ಅರ್ಧಕ್ಕಿಂತ ಕಡಿಮೆಗೆ ಹಾಕಿ, ಬಂದ ದುಡ್ಡಿನಲ್ಲಿ ಜೋಳ, ಎಣ್ಣೆ, ಫೋನಿನ ರೀಚಾರ್ಜ್. ಟಂಟಂ ಹತ್ತಿದ ಅಕ್ಕಿ ಎಲ್ಲಿಯೋ ಪಾಲಿಶ್ ಆಗಿ ಬೇರೆ ಚೀಲದಲ್ಲಿ ಬೇರೆ ದರಕ್ಕೆ ಮರಳಿ ಬರುತ್ತದೆ. ಮತ್ತೆ ಅದೇ ತಕ್ಕಡಿ.

ಇದನ್ನು ಕಾನೂನು ಅಪರಾಧ ಅನ್ನುತ್ತದೆ. ಪೇಟೆಯ ಜನ ದುರುಪಯೋಗ ಅನ್ನುತ್ತಾರೆ, ಸೋಮಾರಿಗಳಾದರು ಅನ್ನುತ್ತಾರೆ. ನನ್ನ ಕೆಲವು ಗೆಳೆಯರು ಇದರಲ್ಲಿ ಪ್ರತಿರೋಧ ಕಾಣುತ್ತಾರೆ. ನನಗೆ ಕಾಣುವುದು ಒಂದು ಟೀಕೆ. ಯಾರನ್ನೂ ಕೇಳದೆ ಎಲ್ಲರಿಗೂ ಒಂದೇ ಧಾನ್ಯ ಅಳೆದು ಕೊಟ್ಟ ಯೋಜನೆಗೆ ಹೆಂಗಸರು ತಿಂಗಳು ತಿಂಗಳು ಬರೆಯುವ ಟೀಕೆ. 2023ರಲ್ಲಿ ಹೆಚ್ಚುವರಿ ಅಕ್ಕಿಯನ್ನು ಕೇಂದ್ರ ಕೊಡಲೊಪ್ಪದೆ, ರಾಜ್ಯ ಸರಕಾರ ಅದರ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಎರಡು ಸರಕಾರಗಳು ಜಗಳವಾಡುತ್ತಿದ್ದಾಗ ನಮ್ಮ ಓಣಿಯ ಹೆಂಗಸರು ಬೇಸರಪಟ್ಟುಕೊಂಡದ್ದನ್ನು ನಾನು ಕಾಣಲಿಲ್ಲ. ಟಂಟಂದವನು ಕೊಡುತ್ತಿದ್ದುದಕ್ಕಿಂತ ಅದು ಒಳ್ಳೆಯ ದರ. 2025ರಲ್ಲಿ ದುಡ್ಡು ನಿಂತು ಮತ್ತೆ ಅಕ್ಕಿ ಬಂತು, ಟಂಟಂ ಕೂಡ ಬಂತು.

ವಿಪರ್ಯಾಸವೆಂದರೆ ಈ ಟೀಕೆ ಬರೆದವರ ಮೇಲೆಯೇ ತಿರುಗುತ್ತದೆ. ಅಕ್ಕಿ ಮಾರುತ್ತಾರೆಂದರೆ ಅವರಿಗೆ ಅಕ್ಕಿ ಬೇಡ. ಬೇಡವೆಂದರೆ ಅವರು ಬಡವರಲ್ಲ. ಬಡವರಲ್ಲವೆಂದರೆ ಕಾರ್ಡು ತೆಗೆಯಿರಿ. ಒಂದು ಮನೆಯ ಮಾರಾಟ ಇನ್ನೊಂದು ಮನೆಯ ಕಡಿತಕ್ಕೆ ಸಾಕ್ಷಿಯಾಗುತ್ತದೆ. ಆ ಇನ್ನೊಂದು ಮನೆಯಲ್ಲಿ ಗಂಜಿಗೂ ಅದೇ ಅಕ್ಕಿ ಬೇಕಾದ ಒಂಟಿ ಮುದುಕಿ ಇರಬಹುದು.

ಇಂಥ ಹೊತ್ತಿನಲ್ಲಿ ಸಭೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುವುದು ಒಂದು ರೂಢಿಯಾಗಿದೆ. ಕಲ್ಯಾಣದಲ್ಲಿ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದಳು. ನೋಡಿ, ಬೇಕಾದಷ್ಟೇ ತೆಗೆದುಕೊಂಡ ಆ ಶರಣೆ ಎಲ್ಲಿ, ಪುಕ್ಕಟೆ ಅಕ್ಕಿ ಮಾರುವ ಈ ಕಾಲದವರೆಲ್ಲಿ ಎಂದು ಭಾಷಣ ಮುಂದುವರಿಯುತ್ತದೆ. ಲಕ್ಕಮ್ಮನ ಕಥೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ಆ ಕಥೆಯ ಜೀವ ಇರುವುದು ಅಳತೆ ಯಾರ ಕೈಯಲ್ಲಿದೆ ಎಂಬುದರಲ್ಲಿ. ತನ್ನ ಮನೆಗೆ ಎಷ್ಟು ಬೇಕು ಎಂಬುದನ್ನು ಲಕ್ಕಮ್ಮ ತಾನೇ ಅಳೆದಳು, ಗಂಡನಿಗೂ ಬಿಡಲಿಲ್ಲ, ಬಸವಣ್ಣನ ಅಂಗಳಕ್ಕೂ ಬಿಡಲಿಲ್ಲ. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ನಿಂತವಳ ಕೈಯಲ್ಲಿ ಆ ಅಳತೆ ಇಲ್ಲ. ಆಕೆ ಅಕ್ಕಿ ಮಾರಿ ಜೋಳ ತಂದಾಗ ಕದ್ದು ಒಂದಿಷ್ಟು ಹೊತ್ತು ಆ ಅಳತೆಯನ್ನು ಕೈಗೆ ತೆಗೆದುಕೊಳ್ಳುತ್ತಾಳೆ, ಅಷ್ಟೇ.

ಕಾರ್ಡಿನ ಕಥೆ ಇನ್ನೂ ಸೂಕ್ಷ್ಮ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ಮೀರಬಾರದು, ಒಣಭೂಮಿ 3 ಹೆಕ್ಟೇರ್ ಮೀರಬಾರದು. ಅಣ್ಣತಮ್ಮಂದಿರು ಕೂಡಿರುವ ಮನೆ ಈ ಲೆಕ್ಕದಲ್ಲಿ ಶ್ರೀಮಂತ. ಆದ್ದರಿಂದ ಜನ ಕಾಗದದ ಮೇಲೆ ಬ್ಯಾರೆ ಆಗುತ್ತಾರೆ. ನಮ್ಮ ಅಪ್ಪ ಮತ್ತು ಕಾಕಾ ಹಾಗೆ ಆದರು. ತಪಾಸಣೆಗೆ ಬರುವವರಿಗೆ ತೋರಿಸಲು ಒಲಿ ಎರಡು ಇರಬೇಕಲ್ಲ, ಅದಕ್ಕೆ ಹಿತ್ತಲ ಕೋಣೆಯಲ್ಲಿ ಇನ್ನೊಂದು ಒಲಿ ಹೂಡಿದರು. ಬರುತ್ತಾರೆಂದು ಸುದ್ದಿ ಬಂದ ದಿನ ಕಾಕು ಅದರಲ್ಲಿ ನಾಲ್ಕು ಕುಳ್ಳು ಹಚ್ಚಿ ಹೊಗೆ ಎಬ್ಬಿಸಿ, ಖಾಲಿ ಪಾತ್ರೆ ಇಟ್ಟು ಕುಳಿತಳು. ಬಂದವರು ಚಹಾ ಕುಡಿದು ಹೋದರು. ಆ ರಾತ್ರಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಹೊಟ್ಟೆ ಹಿಡಿದು ನಕ್ಕೆವು. ಸರಕಾರಕ್ಕೆ ಟೋಪಿ ಹಾಕಿದ ಖುಷಿ ಒಂದು ಬೇರೆ ಖುಷಿಯೇ.

ಅಜ್ಜಿ ತೀರಿಕೊಂಡ ಮೇಲೆ ಭೂಮಿ ಪಾಲಿನ ಮಾತು ಬಂತು. ಹಿರಿಯರ ಮುಂದೆ ಕಾಕಾ ಪ್ಲಾಸ್ಟಿಕ್ ಚೀಲದಿಂದ ಆ ಕಾರ್ಡು ತೆಗೆದು ಚಾಪೆಯ ಮೇಲಿಟ್ಟ. “ನಾವು ಅವತ್ತಿಂದ ಬ್ಯಾರೆನ ಇದ್ದೇವ್ರಿ, ಸರಕಾರದ ಕಾಗದನ ಐತಿ ನೋಡ್ರಿ” ಎಂದ. ಕೂಡಿ ದುಡಿದು ಕೊಂಡ ಎರಡೆಕರೆ ತನ್ನ ಸ್ವಂತದ್ದು ಎಂಬುದು ಆತನ ವಾದ. ಅಪ್ಪ ಕಾರ್ಡು ನೋಡಿದ, ಕಾಕುವಿನ ಮುಖ ನೋಡಿದ, ಏನೂ ಅನ್ನಲಿಲ್ಲ. ನಾಟಕದ ಒಲಿ ಈಗ ನಿಜವಾಗಿಯೂ ಉರಿಯುತ್ತದೆ, ನಡುವೆ ಗೋಡೆಯಿದೆ. ಈ ಜಗಳದಲ್ಲಿ ಯಾರದು ಸರಿ ಎಂದು ಹೇಳಲು ನಾನು ತಕ್ಕವನಲ್ಲ. ಆದರೆ ಸರಕಾರದ ಕಣ್ಣಿಗೆ ಮಣ್ಣೆರಚಲು ನಾವು ಹೇಳಿದ ಸುಳ್ಳು ಎಷ್ಟು ಸಲೀಸಾಗಿ ನಮ್ಮ ಮನೆಯ ಸತ್ಯವಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

2024ರ ನವೆಂಬರಿನಲ್ಲಿ ಅನರ್ಹರ ಬಿಪಿಎಲ್ ಕಾರ್ಡುಗಳನ್ನು ತೆಗೆಯುವ ಕೆಲಸ ಶುರುವಾದಾಗ ಇದರ ಇನ್ನೊಂದು ಮುಖ ಕಂಡಿತು. ಗದ್ದಲವಾಗಿ, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಲು ಸರಕಾರ ಹೇಳಿತು. ಕೆಲವೇ ದಿನದ ಮಾತು. ಅಷ್ಟರಲ್ಲಿ ಓಣಿಯಲ್ಲಿ ಯಾರ ಹೆಸರನ್ನು ಯಾರು ಹೇಳಿಕೊಟ್ಟರು ಎಂಬ ಸಂಶಯ ಹರಡಿ, ಆ ಸಂಶಯ ಇನ್ನೂ ಹೋಗಿಲ್ಲ. ಕಾರ್ಡು ಮರಳಿ ಬಂದಷ್ಟು ಸುಲಭವಾಗಿ ಮಾತುಕತೆ ಮರಳಲಿಲ್ಲ.

ಭಾರ ಯಾವಾಗಲೂ ಕೆಳಕ್ಕೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಊರಿನ ಹೆಣ್ಣಾಳುಗಳು ಎರಡು ಊರು ದಾಟಿ ಹೆಚ್ಚು ಕೂಲಿ ಇರುವಲ್ಲಿಗೆ ಹೋಗಲು ಶುರು ಮಾಡಿದರು. ದೊಡ್ಡಪ್ಪನ ತಲೆಮಾರಿನವರ ಮಕ್ಕಳು ಈಗ ಕಟ್ಟೆಗೆ ಕುಳಿತು ಪುಕ್ಕಟೆ ಬಸ್ಸು ಊರು ಹಾಳು ಮಾಡಿತು, ಆಳು ಸಿಗವಲ್ಲವು ಎಂದು ಗೊಣಗುತ್ತಾರೆ. ಅವರ ಮನೆಯ ಹೆಂಗಸರು ಅದೇ ಬಸ್ಸಿನಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿರುತ್ತಾರೆ. ಉಡಿಯಲ್ಲಿ ಹಿಡಿ ಹತ್ತಿ ಬಚ್ಚಿಡುತ್ತಿದ್ದವರ ಮೊಮ್ಮಕ್ಕಳು ಕೂಲಿ ಎಷ್ಟೆಂದು ಕೇಳಿಯೇ ಹೊಲಕ್ಕೆ ಇಳಿಯುತ್ತಾರೆ. ಇದನ್ನು ಯಾರೂ ಬಂಡಾಯ ಎನ್ನಲಿಲ್ಲ. ನಾನು ಎನ್ನುತ್ತೇನೆ.

ಸಾಹಿತ್ಯದಲ್ಲಿ ಇವಕ್ಕೆಲ್ಲ ಜಾಗ ಇರಲೇ ಇಲ್ಲವೆಂದಲ್ಲ. ಮುಂಬಯಿ ಪ್ರಾಂತದ ಅಧಿಕಾರಿ ಜಾನ್ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ನಮ್ಮ ಕಡೆಯ ಲಾವಣಿಗಳನ್ನು ಪ್ರಕಟಿಸಿದಾಗ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರ ಜೊತೆಗೆ ವರಮಾನ ತೆರಿಗೆಯ ಮೇಲಿನ ಲಾವಣಿಯೊಂದೂ ಇತ್ತು. 1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು 1860ರಲ್ಲಿ ಜೇಮ್ಸ್ ವಿಲ್ಸನ್ ಈ ದೇಶಕ್ಕೆ ತಂದ ತೆರಿಗೆ ಅದು. ದಂಗೆಗೂ ಲಾವಣಿ, ದಂಗೆಯ ಬಿಲ್ಲು ಜನರ ಮೇಲೆ ಬಿದ್ದದ್ದಕ್ಕೂ ಲಾವಣಿ. ಹಾಡುವವರಿಗೆ ಎರಡೂ ಹಾಡಿಗೆ ಯೋಗ್ಯವೇ ಆಗಿದ್ದವು. ಹಲಗಲಿಯ ಬೇಡರು ನಮ್ಮ ಶಾಲೆಯ ಪಠ್ಯಕ್ಕೆ ಬಂದರು, ತೆರಿಗೆ ನನ್ನ ಯಾವ ಪಠ್ಯದಲ್ಲೂ ಬರಲಿಲ್ಲ. ಆರಿಸಿದವರು ನಮ್ಮಂಥ ವಿಮರ್ಶಕರೇ.

ನವಲಗುಂದವನ್ನೇ ನೆಲವಾಗಿ ಇಟ್ಟುಕೊಂಡ ಒಂದು ದೊಡ್ಡ ಕಾದಂಬರಿಯೂ ನಮಗಿದೆ: 2004ರಲ್ಲಿ ಬಂದು, 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’. ಅದರಲ್ಲಿ ಬಾವುಟಗಳಿಲ್ಲ, ಮನೆಯಿದೆ. ಮನೆಯ ಮಾತು ಇದೆ, ಆ ಮಾತಿನ ಕೊಂಕು, ಜಿಪುಣತನ, ಅಂತಃಕರಣಗಳಿವೆ. ಕುಟುಂಬವೊಂದು ತನ್ನ ಕೊರತೆಗಳ ಜೊತೆ ಹೇಗೆ ಹೆಣಗುತ್ತದೆ, ಹೆಣಗುತ್ತಲೇ ತನ್ನವರನ್ನೇ ಹೇಗೆ ಹಿಂಡುತ್ತದೆ ಎಂಬುದನ್ನು ಅಷ್ಟು ಚೆನ್ನಾಗಿ ಕಂಡ ಕಾದಂಬರಿಗಳು ನಮ್ಮಲ್ಲಿ ಕಡಿಮೆ. ಆದರೆ ಅದು ಒಂದು ಬ್ರಾಹ್ಮಣ ಮನೆಯ ಒಳಗಿನಿಂದ ಕಂಡ ನವಲಗುಂದ. ಹೊಲದಿಂದ ಸಂಜೆ ಮರಳುವಾಗ ಉಡಿ ಝಾಡಿಸಬೇಕಾದವಳು ಆ ಒಳಗಿನಿಂದ ಕಾಣುವುದು ಕಷ್ಟ. ಇದು ವೈದ್ಯರ ದೋಷವಲ್ಲ, ತಾವು ಬಲ್ಲ ಮನೆಯನ್ನು ಅವರು ಬರೆದರು. ಉಳಿದ ಮನೆಗಳನ್ನು ಬಲ್ಲವರು ಬರೆಯುತ್ತಿಲ್ಲ, ಬರೆದರೆ ಶಾಲು ಹೊದಿಸಿ ನಿಲ್ಲಿಸುತ್ತಾರೆ ಎಂಬುದು ನನ್ನ ತಕರಾರು.

ಸ್ಪರ್ಧೆ ಮುಗಿದ ಮೇಲೆ ವಿದ್ಯಾರ್ಥಿಗಳ ಮುಂದೆ ಇದನ್ನೇ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಮ್ಮವ್ವ ಅಕ್ಕಿ ಮಾರ್ತಾಳ ಅಂತ ಬರದ್ರ ನಮ್ಮ ಕಾರ್ಡ್ ಹೋಗೂದಿಲ್ರಿ?” ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಅವಳ ಪ್ರಶ್ನೆಗೆ ನನ್ನ ವಿಮರ್ಶೆಯಲ್ಲಿ ಉತ್ತರವಿರಲಿಲ್ಲ. ಕಣ್ಣಿಗೆ ಬೀಳದೆ ಇರುವುದರಲ್ಲೇ ಬದುಕುವ ಸಂಗತಿಯನ್ನು ಬೆಳಕಿಗೆ ತನ್ನಿ ಎಂದು ನಾನು ಹೇಳುತ್ತಿದ್ದೆ.

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಕುಂದಗೋಳದ ಕಡೆಯ ಹಳ್ಳಿಯಲ್ಲಿರುವ ನನ್ನ ಚಿಗವ್ವನ ಹತ್ತಿರ ಹೋದೆ. ಆಕೆ ಹತ್ತು ಹೆಂಗಸರ ಸಾಲದ ಗುಂಪಿನಲ್ಲಿದ್ದಾಳೆ. ವಾರದ ಕಂತು. ಒಬ್ಬಳು ತಪ್ಪಿಸಿದರೆ ಉಳಿದವರು ತುಂಬಬೇಕು, ಇಲ್ಲದಿದ್ದರೆ ಯಾರಿಗೂ ಮುಂದಿನ ಸಾಲವಿಲ್ಲ. ಸಾಲ ಕೊಟ್ಟವರು ತಾವು ಬಂದು ಕಾಡಬೇಕಾದ್ದಿಲ್ಲ, ಹೆಂಗಸರೇ ಹೆಂಗಸರನ್ನು ಕಾಡುತ್ತಾರೆ. ಕಿರುಸಾಲದ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಬಾಗಿಲಿಗೆ ಬರುವ ವಸೂಲಿಯವನನ್ನು ಕಾನೂನು ತಡೆಯಬಹುದು, ಪಕ್ಕದ ಮನೆಯವಳನ್ನು ತಡೆಯುವುದು ಹೇಗೆ?

ಗುಂಪಿನ ಒಬ್ಬಾಕೆ ಮಗನ ಆಸ್ಪತ್ರೆ ಖರ್ಚಿನಿಂದ ಮೂರು ವಾರ ಕಂತು ತಪ್ಪಿಸಿದಳು. ಮಂಗಳವಾರ ಸಂಜೆ ಒಂಬತ್ತು ಜನ ಹೋಗಿ ಆಕೆಯ ಬಾಗಿಲಲ್ಲಿ ಕುಳಿತರು, ದುಡ್ಡು ಕೊಡುವತನಕ ಏಳುವುದಿಲ್ಲವೆಂದು. ಚಿಗವ್ವನೂ ಕುಳಿತಳು, ಎಲ್ಲರಿಗಿಂತ ಜೋರಾಗಿ ಕೂಗಾಡಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಅದೇ ಮುಂಜಾನೆ ಚಿಗವ್ವ ಹಿತ್ತಲ ಬಾಗಿಲಿನಿಂದ ಹೋಗಿ, ಸಂಜಿಗೆ ಎಲ್ಲಾರೂ ಬರ್ತೇವಿ, ನೀ ತವರಿಗೆ ಹೋಗಿಬಿಡು ಎಂದು ಹೇಳಿ ಬಂದಿದ್ದಳು. ಬಸ್ಸಿನ ದುಡ್ಡು ಬೇಡ, ಪುಕ್ಕಟೆ ಎಂದು ನೆನಪಿಸಿದ್ದಳಂತೆ.

ಆ ವಾರ ಆಕೆಯ ಕಂತನ್ನು ಒಂಬತ್ತು ಜನ ಹಂಚಿಕೊಂಡು ತುಂಬಿದರು. ಚಿಗವ್ವನೂ ತನ್ನ ಪಾಲು ಕೊಟ್ಟಳು, ತಾನೇ ಓಡಿಸಿದವಳ ಕಂತಿಗೆ. ದುಡ್ಡಿಲ್ಲದ ಇನ್ನೊಬ್ಬಳು ಮನೆಯ ಕೋಳಿ ಮಾರಿದಳು. “ಅಕಿ ಕೋಳಿ ಮಾರಿದ್ದಕ್ಕ ನೀನೂ ಕಾರಣ ಆದ್ಯಲ್ಲ ಚಿಗವ್ವ?” ಎಂದೆ. “ಹೌದು” ಅಂದಳು. ಆಮೇಲೆ, “ಗೊತ್ತೈತಿ ನನಗ” ಅಂದಳು.

ಇದನ್ನು ಬರೆಯಲೇ ಎಂದು ಕೇಳಿದೆ. ಬಾಗಿಲಲ್ಲಿ ಕುಳಿತು ಕೂಗಾಡಿದ್ದನ್ನು ಬರೆಯಬೇಡ ಅನ್ನುತ್ತಾಳೇನೋ ಎಂದುಕೊಂಡಿದ್ದೆ. “ಬಾಗಲ್ದಾಗ ಕುಂತಿದ್ದು ಬರಿಯಪಾ, ಊರಿಗೆಲ್ಲಾ ಗೊತ್ತೈತಿ. ಮುಂಜಾನೆ ಹೋಗಿ ಹೇಳಿದ್ದ ಮಾತ್ರ ಬರೀಬ್ಯಾಡ. ಉಳದವ್ರು ಓದಿದ್ರ ನನ್ನ ಬಾಗಲಕ್ಕ ಬಂದು ಕುಂದರ್ತಾರ.” ಊರು ಬೇರೆ ಹಾಕುತ್ತೇನೆ, ದಿನ ಬೇರೆ ಹಾಕುತ್ತೇನೆ, ಸಂಬಂಧ ಕೂಡ ಬೇರೆ ಹಾಕುತ್ತೇನೆ ಎಂದೆ. ಒಂದು ಗಳಿಗೆ ಯೋಚಿಸಿ ಒಪ್ಪಿದಳು. ಹಾಗಾಗಿ ಮೇಲೆ ಬರೆದದ್ದರಲ್ಲಿ ಊರು ಆ ಊರಲ್ಲ, ವಾರ ಮಂಗಳವಾರವಲ್ಲ, ಚಿಗವ್ವ ನನ್ನ ಚಿಗವ್ವನೂ ಅಲ್ಲ. ಆಕೆ ಹಿತ್ತಲ ಬಾಗಿಲಿನಿಂದ ಹೋದದ್ದು ನಿಜ, ಕೋಳಿ ಮಾರಿದ್ದೂ ನಿಜ.